ಹಂಡೆಯ ನೀರು ಕಾಯುವಷ್ಟರಲ್ಲಿ

ತಿಂಗಳ 20ನೇ ತಾರೀಖು ಬೆಳಗಾಯಿತೆಂದರೆ ನನ್ನ ಎದೆ ಸ್ವಲ್ಪ ಜೋರಾಗಿಯೇ ಹೊಡೆದುಕೊಳ್ಳುತ್ತದೆ. ತೀರ್ಥಹಳ್ಳಿಯ ಆಸುಪಾಸಿನ ಹತ್ತಿಪ್ಪತ್ತು ಅಂಗಡಿಗಳ ಜಿಎಸ್‌ಟಿ ಲೆಕ್ಕವನ್ನು ಮನೆಯಲ್ಲೇ ಕುಳಿತು ಬರೆಯುವ ನನ್ನಂಥವನಿಗೆ ಅದು ಜಿಎಸ್‌ಟಿಆರ್-3ಬಿ ಎಂಬ ತಿಂಗಳ ಲೆಕ್ಕಪತ್ರ ಸಲ್ಲಿಸಲು ಕೊನೆಯ ದಿನ. ಒಂದು ದಿನ ತಡವಾದರೂ 50 ರೂಪಾಯಿ ವಿಳಂಬ ಶುಲ್ಕ ಬೀಳುತ್ತದೆ. ಆ ದುಡ್ಡನ್ನು ನಾನೇ ಕಟ್ಟಿಬಿಡಬಹುದು, ಆದರೆ ಮರುದಿನ ಪೇಟೆಯಲ್ಲಿ ಸಿಕ್ಕ ಅಂಗಡಿಯವರು ಏನೂ ಬೈಯದೆ ಸುಮ್ಮನೆ ನನ್ನ ಮುಖ ನೋಡುತ್ತಾರಲ್ಲ, ಅದಕ್ಕೆ ಕಟ್ಟುವಷ್ಟು ದುಡ್ಡು ನನ್ನ ಬಳಿ ಇಲ್ಲ. ಇಂತಹ ದಿನದಂದೇ, ಅಂದರೆ ಮೊನ್ನೆ ಮೇ 20ರ ಬೆಳಿಗ್ಗೆ, ನನ್ನ ಕಂಪ್ಯೂಟರು ಆರೂವರೆಗೆ ಗುಂಡಿ ಒತ್ತಿಸಿಕೊಂಡು ಎಂಟೂವರೆಯಾದರೂ ಏಳಲಿಲ್ಲ.

ಬೇಗ ಏಳುವ ಅಭ್ಯಾಸ ಅದಕ್ಕೆ ಯಾವತ್ತೂ ಇರಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. 2013ರಲ್ಲಿ ಶಿವಮೊಗ್ಗದಿಂದ ಬಸ್ಸಿನಲ್ಲಿ, ಮಂಡಗದ್ದೆಯ ತಿರುವುಗಳಲ್ಲೆಲ್ಲ ಎಳೆಗೂಸಿನಂತೆ ಮಡಿಲಲ್ಲಿ ಹಿಡಿದುಕೊಂಡು ತಂದ ಯಂತ್ರ ಅದು. ಬಂದ ಹೊಸತರಲ್ಲಿ ಒಂದು ನಿಮಿಷದೊಳಗೆ ಕಣ್ಣು ಬಿಡುತ್ತಿತ್ತು. ವರ್ಷಗಳು ಕಳೆದಂತೆ ಎರಡು ನಿಮಿಷ, ನಾಲ್ಕು ನಿಮಿಷ ಎಂದು ಬೆಳೆಯುತ್ತ ಬೆಳೆಯುತ್ತ, ಈಚೆಗೆ ನಮ್ಮ ಮನೆಯಲ್ಲಿ ಅದರ ಹೊತ್ತನ್ನು ಗಡಿಯಾರದಿಂದ ಅಳೆಯುವುದನ್ನೇ ಬಿಟ್ಟಿದ್ದೆವು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಅದರ ಗುಂಡಿ ಒತ್ತುವುದು, ಆಮೇಲೆ ಹೆಡಿಗೆಯಲ್ಲಿ ಅಡಿಕೆ ಸಿಪ್ಪೆ ತುಂಬಿಕೊಂಡು ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ಬೆಂಕಿ ಹಾಕುವುದು, ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಅಡುಗೆಮನೆಗೆ ಬಂದು ಕಾಫಿ ಕುಡಿಯುವುದು. ಇಷ್ಟಾಗಿ ಹೋದರೆ ಪರದೆಯ ಮೇಲೆ ಚಿತ್ರ ಮೂಡಿರುತ್ತಿತ್ತು. ಅಮ್ಮನಂತೂ ಇದನ್ನು ತಿರುಗಿಸಿ ಬಳಸುತ್ತಿದ್ದಳು. "ಕಂಪ್ಯೂಟರ್ ಶುರುವಾಯ್ತೇನೋ? ಹಾಗಾದ್ರೆ ನೀರು ಕಾದಿರುತ್ತೆ, ಸ್ನಾನಕ್ಕೆ ಹೋಗು" ಎಂದು ಅವಳು ಒಳಗಿನಿಂದಲೇ ಕೂಗುವಾಗ, ಅಷ್ಟು ದುಡ್ಡು ಕೊಟ್ಟು ತಂದ ಯಂತ್ರ ನಮ್ಮ ಮನೆಯಲ್ಲಿ ಹಂಡೆಯ ಉಷ್ಣಮಾಪಕವಾಗಿ ದುಡಿಯುತ್ತಿದೆಯಲ್ಲ ಎಂದು ನನಗೆ ಒಳಗೊಳಗೇ ಕುದಿಯುತ್ತಿತ್ತು.

ಮೊನ್ನೆ ಹಂಡೆಯ ನೀರು ಕಾಯಿತು, ಕುದಿಯಿತು, ನನ್ನ ಸ್ನಾನವಾಯಿತು, ಹೆಂಡತಿಯ ಸ್ನಾನವೂ ಆಯಿತು. ಕಾಫಿ ಮುಗಿದ ಮೇಲೆ ಬಂದು ಮಾನಿಟರಿನ ಸ್ವಿಚ್ಚು ಹಾಕಿದಾಗ (ಕರೆಂಟು ಉಳಿಸಲೆಂದು ಅದನ್ನು ನಾನು ಕೊನೆಗೆ ಹಾಕುವುದು) ಕಪ್ಪು ಪರದೆಯ ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರಗಳು ನಾಲ್ಕೈದು ಸಾಲು ನಿಂತಿದ್ದವು. ಇಂತಹ ಕಪ್ಪು ಪರದೆ ನನಗೆ ಹೊಸದಲ್ಲ. ಓಡುತ್ತಿರುವಾಗಲೇ ಕರೆಂಟು ಹೋಗಿ ಯಂತ್ರ ಧಡಕ್ಕನೆ ನಿಂತರೆ, ಮರುದಿನ ಅದು ಡಿಸ್ಕಿನಲ್ಲಿ ಏನಾದರೂ ಕೆಟ್ಟಿದೆಯೇ ಎಂದು ತನ್ನಷ್ಟಕ್ಕೆ ತಪಾಸಣೆ ನಡೆಸುವುದುಂಟು. ಆಗ ನಡುವೆ ಕೈ ಹಾಕಬಾರದೆಂದು ನಾನು ಕೇಳಿ ಬಲ್ಲೆ. ಆದ್ದರಿಂದ ಪೂಜೆಗೆ ಕುಳಿತವರ ಕೋಣೆಯ ಬಾಗಿಲನ್ನು ಸದ್ದಿಲ್ಲದೆ ಮುಂದೆ ಮಾಡಿಕೊಂಡು ಬರುವಂತೆ, ಮಾನಿಟರನ್ನು ಆರಿಸಿ ಹೊರಗೆ ಬಂದೆ. ಸ್ನಾನವಾದ ಮೇಲೆ ನೋಡಿದೆ, ಹಾಗೇ ಇತ್ತು. ಕಡುಬು ತಿಂದು ಬಂದು ನೋಡಿದೆ, ಹಾಗೇ ಇತ್ತು. ಒಂದಕ್ಷರ ಅಲುಗಿರಲಿಲ್ಲ.

ಗತ್ಯಂತರವಿಲ್ಲದೆ ಪೇಟೆಯ ಕಂಪ್ಯೂಟರ್ ರಿಪೇರಿಯ ಹುಡುಗನಿಗೆ ಫೋನು ಮಾಡಿದೆ. ಒಳ್ಳೆಯ ಹುಡುಗ, ಆದರೆ ಅವನ ವೈದ್ಯಶಾಸ್ತ್ರದಲ್ಲಿ ಇರುವುದು ಒಂದೇ ಔಷಧ. ಇಂಟರ್ನೆಟ್ಟು ಬರುತ್ತಿಲ್ಲವೆಂದರೂ, ಧ್ವನಿ ಕೇಳುತ್ತಿಲ್ಲವೆಂದರೂ, ಒಮ್ಮೆ ಮೌಸಿನ ವೈರನ್ನು ಇಲಿ ಕಡಿದಾಗಲೂ ಅವನು ಹೇಳಿದ್ದು ಅದನ್ನೇ. ಈ ಸಲವೂ ನನ್ನ ಮಾತು ಮುಗಿಯುವ ಮೊದಲೇ, "ಫಾರ್ಮ್ಯಾಟ್ ಹೊಡಿಬೇಕು ಮಾರಾಯ್ರೆ, ಬೇರೆ ದಾರಿ ಇಲ್ಲ" ಎಂದ. ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡುವುದು. ಉಸಿರೆಳೆದುಕೊಂಡು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಂತುಹೋಗಿದೆ, ವಿಂಡೋಸ್ 11 ಹಾಕೋಣವೆಂದರೆ ಅದು ಕೇಳುವ ಟಿಪಿಎಂ 2.0 ಎಂಬ ಚಿಪ್ಪು ನಿಮ್ಮ ಯಂತ್ರದಲ್ಲಿಲ್ಲ, ಆದ್ದರಿಂದ ಹೊಸದನ್ನೇ ತಗೊಂಡುಬಿಡಿ ಎಂದೂ ಸೇರಿಸಿದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕಾಲುನೋವೆಂದು ಹೋದವನಿಗೆ ಆಯುಷ್ಯ ಎಷ್ಟು ಉಳಿದಿದೆಯೆಂದು ಹೇಳಿ ಕಳಿಸಿದ ಹಾಗಾಯಿತು.

ಕೊನೆಗೆ ಬೆಂಗಳೂರಿನಲ್ಲಿರುವ ಮಗಳಿಗೆ ವೀಡಿಯೊ ಕರೆ ಮಾಡಿ, ಫೋನನ್ನು ಪರದೆಯ ಮುಂದೆ ಹಿಡಿದು, ಎರಡು ಗಂಟೆಯಿಂದ ಹೀಗೆಯೇ ತಪಾಸಣೆ ನಡೆಯುತ್ತಿದೆ, ಇನ್ನೆಷ್ಟು ಹೊತ್ತು ಬೇಕಾದೀತು ಎಂದು ಕೇಳಿದೆ. ಅವಳು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದಳು. ಒಂದು ಕ್ಷಣ ಸುಮ್ಮನೆ ನೋಡಿ, "ಅಪ್ಪ, ಕೊನೇ ಸಾಲು ಓದು" ಎಂದಳು.

ಓದಿದೆ. ಮುಂದುವರಿಯಲು ಎಫ್1 ಒತ್ತಿ ಎಂದು ಬರೆದಿತ್ತು.

ಎರಡು ಗಂಟೆ ಕಾಲ ಅದು ನನಗಾಗಿ ಕಾದಿತ್ತು, ನಾನು ಅದಕ್ಕಾಗಿ ಕಾದಿದ್ದೆ. ನಮ್ಮ ಕಡೆಯ ಮದುವೆಮನೆಗಳಲ್ಲಿ ಇಬ್ಬರು ಹಿರಿಯರು ಕೈ ತೊಳೆಯುವ ಜಾಗದಲ್ಲಿ ಎದುರಾದರೆ "ನೀವು ಮೊದಲು", "ಛೆ ಛೆ, ನೀವು ಮೊದಲು" ಎಂದು ಉಪಚಾರ ಹೇಳುತ್ತ ಹಿಂದಿನವರನ್ನೆಲ್ಲ ನಿಲ್ಲಿಸಿಕೊಳ್ಳುತ್ತಾರಲ್ಲ, ಹಾಗೆ. ಇಲಾಖೆಯಿಂದ ನೋಟಿಸು ಬಂತೆಂದು ಹೆದರಿ ಓಡಿಬರುವ ಅಂಗಡಿಯವರಿಗೆ, "ಮೊದಲು ಪೂರ್ತಿ ಓದಿ, ಆಮೇಲೆ ಹೆದರಿ" ಎಂದು ಹತ್ತು ವರ್ಷಗಳಿಂದ ಬುದ್ಧಿ ಹೇಳುತ್ತ ಬಂದಿರುವವನು ನಾನೇ ಎಂಬುದನ್ನು ದಯವಿಟ್ಟು ಯಾರೂ ಅವರಿಗೆ ನೆನಪಿಸಬಾರದು.

ಎಫ್1 ಒತ್ತಿದೆ. ಯಂತ್ರ ಎಂದಿನ ಗೊಣಗಾಟದೊಂದಿಗೆ ಎದ್ದಿತು. ಆದರೆ ಜಿಎಸ್‌ಟಿ ತಾಣ ತೆರೆಯಲಿಲ್ಲ. ನಿಮ್ಮ ಗಡಿಯಾರ ಹಿಂದಿದೆ ಎಂದು ಬ್ರೌಸರು ಹೇಳಿತು. ಪರದೆಯ ಮೂಲೆಯಲ್ಲಿ ನೋಡಿದರೆ ತಾರೀಖು 2012ರ ಜನವರಿ 1. ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. ಇನ್ನೂ ಐದೂವರೆ ವರ್ಷಕ್ಕೆ ಹುಟ್ಟಲಿರುವ ತೆರಿಗೆಯ ಲೆಕ್ಕ ಕೊಡೆಂದರೆ ಅದಾದರೂ ಎಲ್ಲಿಂದ ಕೊಟ್ಟೀತು?

ತಾರೀಖನ್ನು ಸರಿಪಡಿಸಲು ಕೈ ಹಾಕಿದವನು ಸ್ವಲ್ಪ ತಡೆದೆ. ಆ ಮೂಲೆಯ ಎರಡು ಸಾಲನ್ನು ನಂಬುವುದಾದರೆ ಶಿವಮೊಗ್ಗದ ಪಕ್ಕದ ಸೋಗಾನೆಯಲ್ಲಿ ಇನ್ನೂ ವಿಮಾನ ಇಳಿಯುವುದಿಲ್ಲ, ಶಿವಮೊಗ್ಗದ ಹೆಸರನ್ನು ಇಂಗ್ಲಿಷಿನಲ್ಲಿ ಇನ್ನೂ ಶಿಮೊಗ ಎಂದೇ ಬರೆಯುತ್ತಾರೆ, ನನ್ನ ಮಗಳು ಪಾಟೀಚೀಲ ಹೆಗಲಿಗೇರಿಸಿಕೊಂಡು ಸಂಕ ದಾಟಿ ಶಾಲೆಗೆ ಹೋಗುತ್ತಾಳೆ. ಅಪ್ಪ ಜಗಲಿಯಲ್ಲಿ ಕವಳದ ತಟ್ಟೆ ಮುಂದಿಟ್ಟುಕೊಂಡು, ಈ ಕಂಪ್ಯೂಟರೆಂಬುದನ್ನು ಮನೆಗೆ ತರುವ ಅಗತ್ಯವೇನಿದೆ ಎಂದು ಇನ್ನೂ ಕೇಳಬೇಕಷ್ಟೇ. ಫೋನಿನಲ್ಲಿ ಮಗಳು, "ಅಪ್ಪ, ಡೇಟ್ ಚೇಂಜ್ ಮಾಡಿದ್ಯಾ?" ಎಂದಳು. ಮಾಡಿದೆ. ಹನ್ನೊಂದು ಗಂಟೆಯ ಹೊತ್ತಿಗೆ ಎಲ್ಲ ಅಂಗಡಿಗಳ ಲೆಕ್ಕವೂ ಸಲ್ಲಿಕೆಯಾಯಿತು.

ಯಂತ್ರ ಹದಿನಾಲ್ಕು ವರ್ಷ ಹಿಂದಕ್ಕೆ ಹೋಗಿ ಮಲಗಿದ್ದೇಕೆ ಎಂಬುದನ್ನು ಮಗಳು ಸಂಜೆ ಬಿಡಿಸಿ ಹೇಳಿದಳು. ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂತಹ ಒಂದು ಬ್ಯಾಟರಿ ಇರುತ್ತದಂತೆ, ಹೆಸರು ಸಿಆರ್2032, ಮೂರು ವೋಲ್ಟಿನದು. ಕರೆಂಟಿನ ಸಂಪರ್ಕ ಇಲ್ಲದಾಗ ಗಡಿಯಾರವನ್ನು ಓಡಿಸುವುದೂ ಯಂತ್ರದ ಪ್ರಾಥಮಿಕ ನೆನಪನ್ನು ಕಾಪಾಡುವುದೂ ಅದರ ಕೆಲಸ. ಪ್ಲಗ್ಗು ಗೋಡೆಯಲ್ಲಿದ್ದಷ್ಟು ಹೊತ್ತು, ಕಂಪ್ಯೂಟರು ಆರಿದ್ದರೂ ಈ ಹೊರೆಯನ್ನು ಕರೆಂಟೇ ಹೊರುತ್ತದೆ. ಪ್ಲಗ್ಗು ಕಿತ್ತರೆ ಮಾತ್ರ ಬ್ಯಾಟರಿ ದುಡಿಯಬೇಕು. "ನಮ್ಮನೇಲಿ ಪ್ಲಗ್ ತುಂಬಾ ಹೊತ್ತು ಕಿತ್ತಿಡ್ತೀರಾ?" ಎಂದು ಅವಳು ಕೇಳಿದಳು. ಕೇಳಿದ ಮೇಲೆ ಅವಳಿಗೂ ಉತ್ತರ ಹೊಳೆದು, ಇಬ್ಬರೂ ಏಕಕಾಲಕ್ಕೆ ಅಡುಗೆಮನೆಯ ಕಡೆಗೆ ನೋಡಿದೆವು, ಅವಳು ಬೆಂಗಳೂರಿನಿಂದ.

ಅಮ್ಮನ ಬಗ್ಗೆ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕಾಗಿದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ನಮ್ಮೂರಿಗೆ ಬಲು ದೂರವೇನಲ್ಲ. ಆಷಾಢದ ಜಡಿಮಳೆಗೆ ನಾವು ಯಾರೂ ಹೆದರುವುದಿಲ್ಲ. ಹೆದರಿಸುವುದು ಅದಕ್ಕೂ ಮುಂಚಿನ ಭರಣಿ, ಕೃತ್ತಿಕೆಯ ಗುಡುಗಿನ ಮಳೆ. ಮಧ್ಯಾಹ್ನ ಮೂರರ ಹೊತ್ತಿಗೆ ಆಗುಂಬೆಯ ದಿಕ್ಕಿನಲ್ಲಿ ಬಾನು ಕಪ್ಪಿಟ್ಟಿತೆಂದರೆ ಅಮ್ಮನ ಎಪ್ಪತ್ತೆಂಟರ ಮಂಡಿಗಳಿಗೆ ಎಲ್ಲಿಲ್ಲದ ಚೈತನ್ಯ ಬರುತ್ತದೆ. ಮೊದಲು ಅಂಗಳದಲ್ಲಿ ಒಣಗುತ್ತಿರುವ ಹಲಸಿನ ಹಪ್ಪಳದ ಚಾಪೆಗಳು, ಆಮೇಲೆ ಹಗ್ಗದ ಮೇಲಿನ ಬಟ್ಟೆಗಳು, ಅನಂತರ ಮನೆಯ ಪ್ಲಗ್ಗುಗಳು. ಈ ಅನುಕ್ರಮ ಎಂದೂ ತಪ್ಪಿದ್ದಿಲ್ಲ. ಟಿವಿ, ಫ್ರಿಜ್ಜು, ಕಂಪ್ಯೂಟರು, ಮೋಡೆಮ್ಮು, ಬೆಳಿಗ್ಗೆಯಿಂದ ಯಾರೂ ಮುಟ್ಟದ ಮಿಕ್ಸಿ, ತುದಿಯಲ್ಲಿ ಫೋನೇ ಇಲ್ಲದ ಚಾರ್ಜರು, ಹೀಗೆ ಒಂದೊಂದನ್ನೂ ಕಿತ್ತು, ಕಿತ್ತ ಪ್ಲಗ್ಗಿನ ಹಿತ್ತಾಳೆಯ ಕಾಲುಗಳನ್ನು ಗೋಡೆಯ ಕಡೆಗೆ ತಿರುಗಿಸಿ ಮಲಗಿಸುತ್ತಾಳೆ. ಕಾಲು ಈಚೆಗಿದ್ದರೆ ಸಿಡಿಲು ಅಲ್ಲಿಂದಲೇ ಹತ್ತಿಕೊಂಡು ಬರುತ್ತದೆಂಬುದು ಅವಳ ಲೆಕ್ಕ. ಮಳೆ ಬಿಟ್ಟರೂ ಪ್ಲಗ್ಗುಗಳನ್ನು ಮರಳಿ ಹಾಕುವುದಿಲ್ಲ. ರಾತ್ರಿ ಮತ್ತೆ ಗುಡುಗಿದರೆ ಯಾರು ಏಳುತ್ತಾರೆ?

ನಾನು ಲೆಕ್ಕ ಬರೆಯುತ್ತ ಕುಳಿತಿರುವಾಗಲೂ ಇದಕ್ಕೆ ವಿನಾಯಿತಿ ಇರಲಿಲ್ಲ. "ಎರಡು ನಿಮಿಷ ತಡಿ, ಸೇವ್ ಮಾಡ್ತೀನಿ" ಎಂದರೆ, "ಸಿಡಿಲು ತಡೀತದಾ?" ಎಂಬ ಉತ್ತರದ ಜೊತೆಗೇ ಪರದೆ ಕಪ್ಪಾಗುತ್ತಿತ್ತು. ಇದಕ್ಕೆ ಪರಿಹಾರವೆಂದು ಯುಪಿಎಸ್ ತಂದೆ. ಅದರ ಪ್ಲಗ್ಗು ಕಿತ್ತರೂ ಹದಿನೈದು ನಿಮಿಷ ಯಂತ್ರ ನಡೆಯಬೇಕಾಗಿತ್ತು. ಮೊದಲ ಗುಡುಗಿಗೆ ಅಮ್ಮ ಅದರ ಪ್ಲಗ್ಗನ್ನು ಕಿತ್ತಳು, ಯುಪಿಎಸ್ಸು ತನ್ನ ಧರ್ಮಕ್ಕೆ ತಕ್ಕಂತೆ ಕೀಂ ಕೀಂ ಎಂದು ಕೂಗಲಾರಂಭಿಸಿತು, ಸಿಡಿಲಿನ ವಾಸನೆ ಹಿಡಿದೇ ಇದು ಹೀಗೆ ಕೂಗುತ್ತಿದೆಯೆಂದು ಭಾವಿಸಿದ ಅಮ್ಮ ಅದರ ಗುಂಡಿಯನ್ನೂ ಒತ್ತಿ ಬಾಯಿ ಮುಚ್ಚಿಸಿದಳು. ನಾಲ್ಕು ಸಾವಿರ ರೂಪಾಯಿ ಕೊಟ್ಟು ನಾನು ಗಳಿಸಿಕೊಂಡದ್ದು ಏಳು ಸೆಕೆಂಡುಗಳನ್ನು.

ಅವಳ ಭಯ ಸುಳ್ಳೆಂದು ಹೇಳುವ ಧೈರ್ಯವೂ ನನಗಿಲ್ಲ. ಐದು ವರ್ಷಗಳಲ್ಲಿ ನಮ್ಮದೇ ಎರಡು ಮೋಡೆಮ್ಮು ಸಿಡಿಲಿಗೆ ಸುಟ್ಟಿವೆ, ಎರಡೂ ಸಲ ಅಮ್ಮ ಊರಲ್ಲಿರಲಿಲ್ಲ. ಸಿಡಿಲಿನ ಹೊಡೆತದಿಂದ ಯಂತ್ರಗಳನ್ನು ಉಳಿಸಲು ಪ್ಲಗ್ಗು ಕಿತ್ತಿಡುವಷ್ಟು ಖಾತ್ರಿಯ ಉಪಾಯ ಇನ್ನೊಂದಿಲ್ಲವೆಂದು ತಿಳಿದವರೂ ಹೇಳುತ್ತಾರೆ. ಹಾಗಾಗಿ ವಾದದಲ್ಲಿ ನಾನು ಪ್ರತಿ ಸಲ ಸೋಲುತ್ತೇನೆ, ಕಂಪ್ಯೂಟರು ಪ್ರತಿ ಸಲ ಧಡಕ್ಕನೆ ಸಾಯುತ್ತದೆ, ಮರುದಿನ ಎದ್ದು ಡಿಸ್ಕನ್ನೆಲ್ಲ ತಡಕಿಕೊಳ್ಳುತ್ತದೆ.

ಮುಂದಿನ ಭಾನುವಾರ ಮಗಳು ಫೋನಿನಲ್ಲೇ ಯಂತ್ರದ ಪೂರ್ತಿ ವಿಚಾರಣೆ ನಡೆಸಿದಳು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿಸಿ ಟಾಸ್ಕ್ ಮ್ಯಾನೇಜರ್ ತೆರೆಸಿದಳು. ಅಲ್ಲಿ ಯಂತ್ರ ಎಷ್ಟು ಹೊತ್ತಿನಿಂದ ಎಚ್ಚರವಾಗಿದೆಯೆಂದು ತೋರಿಸುವ ಒಂದು ಲೆಕ್ಕವಿದೆ. ಪ್ರತಿ ರಾತ್ರಿ ಶ್ರದ್ಧೆಯಿಂದ ಶಟ್‌ಡೌನ್ ಮಾಡುವ ನನ್ನ ಯಂತ್ರ ಮೂರು ದಿನ, ಅಷ್ಟು ಗಂಟೆ, ಅಷ್ಟು ನಿಮಿಷದಿಂದ ಮಲಗಿಯೇ ಇಲ್ಲವೆಂದು ಅಲ್ಲಿ ಬರೆದಿತ್ತು. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಹೀಗಂತೆ: ಮರುದಿನ ಬೇಗ ಏಳಲೆಂದು, ಶಟ್‌ಡೌನ್ ಎಂದಾಗ ಯಂತ್ರ ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತದೆಯೇ ಹೊರತು ತನ್ನ ಒಳಗಿನ ಸಂಸಾರವನ್ನು ಹಾಗೇ ಮಡಚಿ ಡಿಸ್ಕಿನಲ್ಲಿ ಎತ್ತಿಟ್ಟುಕೊಳ್ಳುತ್ತದೆ. ರೀಸ್ಟಾರ್ಟ್ ಎಂದರೆ ಮಾತ್ರ ಎಲ್ಲವನ್ನೂ ಗುಡಿಸಿ ಹೊಸದಾಗಿ ಶುರುಮಾಡುತ್ತದೆ. ಅಂದರೆ ನಮ್ಮ ಯಂತ್ರ ನಿಜವಾಗಿ ನಿದ್ದೆ ಕಂಡದ್ದು, ಅಮ್ಮ ಕೆಲಸದ ನಡುವೆ ಪ್ಲಗ್ಗು ಕಿತ್ತ ದಿನಗಳಲ್ಲಿ ಮಾತ್ರ. ಆ ಮೂರು ದಿನದ ಲೆಕ್ಕ ಅಮ್ಮನ ಕೊನೆಯ ದಾಳಿಯ ನಂತರ ಯಂತ್ರ ಮತ್ತೆ ಎದ್ದಂದಿನಿಂದ ಈಚೆಗಿನ ಕಾಲಮಾನವಾಗಿತ್ತು; ಹಿಂದಕ್ಕೆ ಎಣಿಸಿ ನೋಡಿದೆ, ಸರಿಯಾಗಿ ಬುಧವಾರ ಸಂಜೆಯ ಗುಡುಗಿನ ಮರುದಿನ ಬೆಳಿಗ್ಗೆ.

ಪಕ್ಕದ ಪುಟದಲ್ಲಿ, ಯಂತ್ರ ಏಳುವಾಗ ಜೊತೆಗೇ ಏಳುವ ತಂತ್ರಾಂಶಗಳ ಪಟ್ಟಿ ಇತ್ತು. ಹತ್ತೊಂಬತ್ತು ಹೆಸರು. ಒಂದೊಂದರ ಎದುರಿಗೂ ಅದು ಉಂಟುಮಾಡುವ ಹೊರೆ ಎಷ್ಟೆಂದು ಬರೆದಿರುತ್ತದೆ. ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಪ್ರೊಸೆಸರನ್ನು ಹಿಡಿದುಕೊಳ್ಳುವ ಅಥವಾ ಡಿಸ್ಕಿನಿಂದ ಮೂರು ಎಂಬಿಗಿಂತ ಹೆಚ್ಚು ಓದಿ ಬರೆಯುವ ಆಸಾಮಿಗೆ ಹೈ ಎಂಬ ಬಿರುದು. ನಮ್ಮಲ್ಲಿ ಬಿರುದಾಂಕಿತರು ಎಂಟು ಮಂದಿ. ಇವರಿಗೆಲ್ಲ ಬಡಿಸಬೇಕಾದದ್ದು ಒಂದು ಹಳೆಯ ಹಾರ್ಡ್ ಡಿಸ್ಕು. ಅದು ನಿಮಿಷಕ್ಕೆ 7200 ಸುತ್ತು ತಿರುಗುತ್ತದೆಂಬುದೇನೋ ಕೇಳಲು ಭರ್ಜರಿಯಾಗಿದೆ. ಆದರೆ ಓದುವ ಮುಳ್ಳು ಇರುವ ತೋಳು ಜಾಗದಿಂದ ಜಾಗಕ್ಕೆ ಓಡಿ, ಬೇಕಾದ ಭಾಗ ತಿರುಗಿ ತನ್ನ ಕೆಳಗೆ ಬರುವವರೆಗೆ ಕಾಯಬೇಕಾದ್ದರಿಂದ, ಸೆಕೆಂಡಿಗೆ ಸುಮಾರು ನೂರು ಸಲ ಮಾತ್ರ ಹಾಗೆ ಹೋಗಿಬರಬಲ್ಲದು. ದೊಡ್ಡ ಪಂಕ್ತಿಗೆ ಒಬ್ಬನೇ ಬಡಿಸುವವನಿದ್ದ ಹಾಗೆ. ಈ ತುದಿಯಲ್ಲಿ ಉಪ್ಪಿನಕಾಯಿ ಹಾಕುವಷ್ಟರಲ್ಲಿ ಆ ತುದಿಯಲ್ಲಿ ಸಾರು ಎನ್ನುತ್ತಾರೆ, ಸಾರಿನ ಬೋಗುಣಿ ಹಿಡಿದು ಓಡಿದರೆ ಮಧ್ಯದವನಿಗೆ ತುಪ್ಪ ಬೇಕು, ಅನ್ನವಂತೂ ಇನ್ನೂ ಯಾರ ಎಲೆಗೂ ಬಿದ್ದಿಲ್ಲ. ನಾನು ಕರೆದ ಮುಖ್ಯ ಅತಿಥಿ ಲೆಕ್ಕದ ತಂತ್ರಾಂಶ. ಅದು ಕೊನೆಯ ಎಲೆಯಲ್ಲಿ ಕುಳಿತು ಮೇಲೆ ನೋಡುತ್ತಿತ್ತು.

ಕರೆಯದೆ ಬಂದು ಮುಂದಿನ ಸಾಲಿನಲ್ಲಿ ಕುಳಿತವರಲ್ಲಿ 2020ರಲ್ಲಿ ಮಗಳ ಆನ್‌ಲೈನ್ ತರಗತಿಗೆಂದು ಹಾಕಿದ ಒಂದು ತಂತ್ರಾಂಶವಿತ್ತು. ನೆಟ್‌ವರ್ಕ್ ಸಿಗದೆ ಅವಳು ಆ ತರಗತಿಗಳನ್ನು ಕೇಳಿದ್ದೆಲ್ಲ ಗುಡ್ಡದ ತಲೆಯ ಮೇಲೆ, ಕೊಡೆಯ ಕೆಳಗೆ, ಫೋನಿನಲ್ಲಿ. ಕಂಪ್ಯೂಟರಿನಲ್ಲಿದ್ದದ್ದು ಮಾತ್ರ ಆರು ವರ್ಷಗಳಿಂದ ಪ್ರತಿದಿನ ಎದ್ದು ತರಗತಿ ಶುರುವಾಗಲೆಂದು ಕಾಯುತ್ತಿತ್ತು. ಎಲ್ಲರಿಗಿಂತ ದೊಡ್ಡ ಹೊಟ್ಟೆಯದು ನಮ್ಮ ಪ್ರಿಂಟರಿನ ಸಹಾಯಕ. ಆ ಪ್ರಿಂಟರು 2022ರ ಮಳೆಗಾಲದಲ್ಲಿ ಥಂಡಿ ಹಿಡಿದು, ಕಾಗದವನ್ನು ಅಗಿದು ಉಗುಳಲಾರಂಭಿಸಿದ ಮೇಲೆ ಶಿವಮೊಗ್ಗದ ಒಂದು ಅಂಗಡಿಗೆ ರಿಪೇರಿಗೆ ಹೋಗಿತ್ತು. ಒಂದು ವರ್ಷ ನಾನು ಫೋನು ಮಾಡಿದಾಗೆಲ್ಲ "ಪಾರ್ಟ್ ಬರ್ಬೇಕು ಸಾರ್, ಬೆಂಗಳೂರಿಂದ" ಎಂದರು. ಎರಡನೆಯ ವರ್ಷ ಫೋನು ಎತ್ತಲಿಲ್ಲ. ಮೂರನೆಯ ವರ್ಷ ನಾನು ಮರೆತೆ. ಸಹಾಯಕ ಮರೆಯಲಿಲ್ಲ. ಪ್ರತಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಯಜಮಾನ ಯಾವ ಬಾಗಿಲಿನಿಂದ ಬಂದಾನೆಂದು ಎಲ್ಲ ಕಡೆಯೂ ಇಣುಕಿ ನೋಡಿ, ಕಾಣದೆ ಮೂಲೆಯಲ್ಲಿ ಕುಳಿತುಕೊಳ್ಳುತ್ತಿತ್ತು. "ಪಾಪ" ಎಂದಳು ಮಗಳು; ಆದರೂ ತೆಗೆಸಿದಳು. ಬರಿಯ ನಿಷ್ಕ್ರಿಯಗೊಳಿಸುವುದಲ್ಲ, ಬೇರುಸಹಿತ ಕಿತ್ತುಹಾಕಿಸಿದಳು.

ಉಳಿದದ್ದು ಬೇಗ ಮುಗಿಯಿತು. ಪೇಟೆಯ ಗಡಿಯಾರದ ಅಂಗಡಿಯಲ್ಲಿ ಸಿಆರ್2032 ಬ್ಯಾಟರಿ ಸಿಕ್ಕಿತು. ರಿಪೇರಿಯ ಹುಡುಗ ಹಳೆಯ ಡಿಸ್ಕಿನ ಜಾಗದಲ್ಲಿ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಕೂರಿಸಿದ. ಹಳೆಯದರಲ್ಲಿದ್ದುದನ್ನು ಹೊಸದಕ್ಕೆ ಇದ್ದ ಹಾಗೇ ನಕಲು ಮಾಡಿಸಿದ್ದರಿಂದ ಫಾರ್ಮ್ಯಾಟ್ ಮಾಡುವ ಅವಕಾಶ ಸಿಗದೆ ಅವನ ಮುಖ ಸ್ವಲ್ಪ ಬಾಡಿತ್ತು. ವಿಂಡೋಸ್ ಹಳೆಯದಾಯಿತೆಂಬ ಅವನ ಎಚ್ಚರಿಕೆ ಮಾತ್ರ ಹಾಗೇ ಉಳಿದಿದೆ. ಅಡಿಕೆಯ ದುಡ್ಡು ಕೈಗೆ ಬಂದ ಮೇಲೆ ನೋಡೋಣವೆಂದಿದ್ದೇನೆ. ಯಂತ್ರ ಈಗ 24 ಸೆಕೆಂಡಿನಲ್ಲಿ ಏಳುತ್ತದೆ. ಅಮ್ಮ ಎರಡು ದಿನ ತಣ್ಣೀರಿನಲ್ಲಿ ಸ್ನಾನ ಮಾಡಿ, ಮೂರನೆಯ ದಿನದಿಂದ ಹಂಡೆಗೇ ಬೆರಳು ಅದ್ದಿ ನೋಡಲಾರಂಭಿಸಿದ್ದಾಳೆ.

ನಿನ್ನೆ ಶಿವಮೊಗ್ಗದಿಂದ ಫೋನು ಬಂತು. "ಸಾರ್, ನಿಮ್ಮದೊಂದು ಪ್ರಿಂಟರ್ ಇತ್ತಲ್ಲ? ಪಾರ್ಟ್ ಬಂತು. ರೆಡಿ ಆಗಿದೆ. ಬರುವಾಗ ಅದರ ಸಿಡಿ ಇದ್ರೆ ತನ್ನಿ, ಟೆಸ್ಟ್ ಮಾಡಿ ಕೊಡ್ತೀವಿ."

ನಾಲ್ಕು ವರ್ಷ ಬಾಗಿಲು ಕಾದ ಸಹಾಯಕನನ್ನು ಕಿತ್ತೆಸೆದು ಇನ್ನೂ ಹದಿನೈದು ದಿನವಾಗಿರಲಿಲ್ಲ. ಫೋನಿಟ್ಟು ಸಿಡಿ ಹುಡುಕಿದೆ. ಮೇಜಿನ ಖಾನೆಯಲ್ಲಿರಲಿಲ್ಲ, ಅಟ್ಟದಲ್ಲಿರಲಿಲ್ಲ. ಕೊನೆಗೆ ಕಂಡದ್ದು ಹಿತ್ತಿಲಿನಲ್ಲಿ, ಬದನೆ ಗಿಡಗಳ ನಡುವಿನ ಗಳುವಿಗೆ ದಾರ ಕಟ್ಟಿಸಿಕೊಂಡು ಬಿಸಿಲಿಗೆ ಫಳಫಳ ತಿರುಗುತ್ತಿತ್ತು. ಬಿಚ್ಚಲು ಕೈ ಎತ್ತಿದೆನಷ್ಟೇ, ಹಿಂಬಾಗಿಲಿನಿಂದ ಅಮ್ಮನ ದನಿ ಬಂತು.

"ಅದನ್ನ ಮುಟ್ಟಬೇಡ. ನಾಳೆ ಮಂಗ ಬಂದ್ರೆ ನಿನ್ನ ಪ್ರಿಂಟರ್ ಬಂದು ಓಡಿಸ್ತದಾ?"